ಚಳಿಗೆ ಎದ್ದೇಳದ ಹಳೆ ಕಾರು: ಕಾರ್ಬೊರೇಟರ್ ಸ್ಕ್ರೂ ಮುಟ್ಟುವ ಮುಂಚೆ

ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರದ ಕಡೆ ಹಳೆ ಕಾರು ಇಟ್ಟುಕೊಂಡವರದೆಲ್ಲ ಒಂದೇ ಗೋಳು: ಬೆಳಗ್ಗೆ ಗಾಡಿ ಎದ್ದೇಳುವುದಿಲ್ಲ. ಮಧ್ಯಾಹ್ನ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಪದ್ಮಿನಿಯೋ ಅಂಬಾಸಿಡರೋ ಬೆಳಗಿನ ಆರು ಗಂಟೆಗೆ ಕೊರ್ರ್ ಕೊರ್ರ್ ಅನ್ನುತ್ತದೆ. ಒಂದು ಸಲ ಕೆಮ್ಮುತ್ತದೆ, ಮತ್ತೆ ಸುಮ್ಮನಾಗುತ್ತದೆ. ಬ್ಯಾಟರಿ ಇಳಿಯುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಸ್ಕ್ರೂಡ್ರೈವರ್ ತಂದು, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಲು ಶುರು ಮಾಡುತ್ತಾರೆ. ಸಣ್ಣ ತೊಂದರೆ ದೊಡ್ಡದಾಗುವುದು ಸಾಮಾನ್ಯವಾಗಿ ಆಗಲೇ.

ನಿನ್ನೆ ಸಂಜೆ ಚೆನ್ನಾಗಿ ಓಡಿದ ಗಾಡಿಯ ಸೆಟ್ಟಿಂಗ್ ರಾತ್ರೋರಾತ್ರಿ ತಾನಾಗಿ ಬದಲಾಗುವುದಿಲ್ಲ, ಅಲ್ವಾ? ರಾತ್ರಿಯಲ್ಲಿ ಬದಲಾದದ್ದು ಎಂಜಿನ್ನಿನ ಬಿಸಿ. ಆದ್ದರಿಂದ ಹುಡುಕಬೇಕಾದದ್ದು ಚಳಿಯಲ್ಲಿ ಮಾತ್ರ ಕೈಕೊಡುವ ಭಾಗಗಳನ್ನು. ಅವು ಹೆಚ್ಚಿಲ್ಲ. ಮನೆಯ ಅಂಗಳದಲ್ಲೇ ಒಂದೊಂದಾಗಿ ನೋಡಿಬಿಡಬಹುದು.

ಚಳಿ ಪೆಟ್ರೋಲಿಗೆ ಏನು ಮಾಡುತ್ತದೆ

ಪೆಟ್ರೋಲ್ ದ್ರವವಾಗಿದ್ದಾಗ ಉರಿಯುವುದಿಲ್ಲ. ಉರಿಯುವುದು ಅದರ ಆವಿ, ಅದೂ ಗಾಳಿಯ ಜೊತೆ ಸರಿಯಾದ ಅಳತೆಯಲ್ಲಿ ಬೆರೆತಾಗ. ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಬೇಕು. ಎಂಜಿನ್ ಬಿಸಿಯಾಗಿರುವಾಗ ಕಾರ್ಬೊರೇಟರ್ ಹೆಚ್ಚುಕಡಿಮೆ ಇದೇ ಅಳತೆಯಲ್ಲಿ ಪೆಟ್ರೋಲ್ ಕೊಡುತ್ತದೆ.

ಆದರೆ ಪೆಟ್ರೋಲ್ ಒಂದೇ ವಸ್ತುವಲ್ಲ. ಅದರಲ್ಲಿ ಹಗುರವಾದ ಭಾಗವೂ ಇದೆ, ಭಾರವಾದ ಭಾಗವೂ ಇದೆ. ಹಗುರವಾದದ್ದು 35-40 ಡಿಗ್ರಿಯಲ್ಲೇ ಕುದಿಯುತ್ತದೆ. ಭಾರವಾದದ್ದಕ್ಕೆ 200 ಡಿಗ್ರಿಯ ಹತ್ತಿರ ಬೇಕು. ನಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಗ್ಗೆ 12-14 ಡಿಗ್ರಿಗೆ ಇಳಿಯುವುದುಂಟು. ಆಗ ಎಂಜಿನ್ನಿನ ಕಬ್ಬಿಣವೆಲ್ಲ ಅಷ್ಟೇ ತಣ್ಣಗಿರುತ್ತದೆ. ಕಾರ್ಬೊರೇಟರಿನಿಂದ ಹೊರಟ ಪೆಟ್ರೋಲಿನಲ್ಲಿ ಹಗುರವಾದ ಒಂದಿಷ್ಟು ಮಾತ್ರ ಆವಿಯಾಗುತ್ತದೆ. ಉಳಿದದ್ದು ಹನಿಹನಿಯಾಗಿ ಮ್ಯಾನಿಫೋಲ್ಡಿನ, ಅಂದರೆ ಕಾರ್ಬೊರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯ, ಗೋಡೆಗೆ ಅಂಟಿಕೊಳ್ಳುತ್ತದೆ. ಚಳಿಗಾಲದ ಬೆಳಗ್ಗೆ ತಂತಿಗೆ ಹಾಕಿದ ಬಟ್ಟೆ ಹೊತ್ತೇರುವ ತನಕ ಒಣಗದೆ ಜೋತಾಡುವ ಹಾಗೆ, ಅದು ಎಂಜಿನ್ ಬಿಸಿಯಾಗುವ ತನಕ ಅಲ್ಲೇ ಒದ್ದೆಯಾಗಿರುತ್ತದೆ. ಸಿಲಿಂಡರಿಗೆ ಮುಟ್ಟುವ ಗಾಳಿಯಲ್ಲಿ ಆವಿ ಸಾಲದು. ಪ್ಲಗ್ ಕಿಡಿ ಹಾರಿಸಿದರೂ ಹೊತ್ತಿಕೊಳ್ಳುವುದಿಲ್ಲ.

ಇದಕ್ಕೆ ಉಪಾಯ ಒಂದೇ. ಹೆಚ್ಚು ಪೆಟ್ರೋಲ್ ಕೊಡಬೇಕು, ಆವಿಯಾಗುವ ಚೂರು ಪಾಲಾದರೂ ಸಾಕಷ್ಟು ಸಿಗುವ ಹಾಗೆ. ತಣ್ಣಗಿನ ಎಂಜಿನ್ನಿಗೆ ಒಂಬತ್ತು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಬೇಕಾಗಬಹುದು, ಚಳಿ ಜೋರಾಗಿದ್ದರೆ ಇನ್ನೂ ಜಾಸ್ತಿ. ಈಗಿನ ಕಾರುಗಳಲ್ಲಿ ಸೆನ್ಸರ್ ಎಂಜಿನ್ನಿನ ಬಿಸಿ ನೋಡಿಕೊಂಡು ಈ ಕೆಲಸ ಮಾಡುತ್ತದೆ, ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ಹಳೆ ಕಾರಿನಲ್ಲಿ ಆ ಕೆಲಸ ಡ್ಯಾಷ್‌ಬೋರ್ಡ್ ಕೆಳಗಿನ ಚೋಕ್ ಗುಬುಟಿನದು, ಅದನ್ನು ಎಳೆಯುವ ನಿಮ್ಮ ಕೈಯದು.

ಚೋಕ್ ಎಲ್ಲ ಗಾಡಿಯಲ್ಲೂ ಒಂದೇ ಥರ ಅಲ್ಲ

ಚೋಕ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ತಪ್ಪು ಅಭ್ಯಾಸ ಜಾಸ್ತಿ ಇರುವುದು ಇಲ್ಲೇ. "ಚೋಕ್ ಎಳೆದು ಆಕ್ಸಿಲರೇಟರ್ ನಾಲ್ಕು ಸಲ ತುಳಿ" ಅನ್ನುವ ಸಲಹೆ ಎಲ್ಲರಿಗೂ ಬರುತ್ತದೆ. ಅದು ಒಂದು ಜಾತಿಯ ಕಾರ್ಬೊರೇಟರಿಗೆ ಸರಿ. ಇನ್ನೊಂದಕ್ಕೆ ಪೂರ್ತಿ ಉಲ್ಟಾ.

ಗಾಡಿ ತಣ್ಣಗಿರುವಾಗ ಏರ್ ಫಿಲ್ಟರ್ ಬಿಚ್ಚಿ ಕಾರ್ಬೊರೇಟರಿನ ಬಾಯೊಳಗೆ ನೋಡಿ. ಇನ್ನೊಬ್ಬರಿಗೆ ಒಳಗೆ ಕೂತು ಚೋಕ್ ಎಳೆಯಲು ಹೇಳಿ. ಮೇಲುಗಡೆ ಒಂದು ತೆಳು ತಗಡಿನ ರೆಕ್ಕೆ ತಿರುಗಿ ಬಾಯಿ ಮುಚ್ಚಿಕೊಂಡರೆ ಅದು ರೆಕ್ಕೆ ಚೋಕ್. ಕಾರ್ಬೊರೇಟರ್ ಕಾಲದ ಮಾರುತಿ 800 ಓಡಿಸಿದವರಿಗೆ ಇದರ ಪರಿಚಯ ಇದೆ. ಗಾಳಿಯ ದಾರಿ ಮುಚ್ಚಿದಾಗ ಎಂಜಿನ್ನಿನ ಎಳೆತವೆಲ್ಲ ಪೆಟ್ರೋಲ್ ಬರುವ ಸಣ್ಣ ತೂತಾದ ಜೆಟ್ ಮೇಲೆ ಬೀಳುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಇಂಥ ಗಾಡಿಗೆ ಆಕ್ಸಿಲರೇಟರ್ ಒಂದೆರಡು ಸಲ ಪೂರ್ತಿ ತುಳಿದು ಬಿಟ್ಟರೆ ಒಳ್ಳೆಯದು. ಪ್ರತಿ ತುಳಿತಕ್ಕೂ ಆಕ್ಸಿಲರೇಟರ್ ಪಂಪ್ ಸಣ್ಣ ಪಿಚಕಾರಿ ಪೆಟ್ರೋಲ್ ಒಳಗೆ ಬಿಡುತ್ತದೆ. ಆಮೇಲೆ ಚೋಕ್ ಪೂರ್ತಿ ಎಳೆದು ಸೆಲ್ಫ್ ಹೊಡೆಯಿರಿ.

ಚೋಕ್ ಎಳೆದರೂ ಬಾಯಲ್ಲಿ ಯಾವ ರೆಕ್ಕೆಯೂ ಅಲುಗಲಿಲ್ಲ, ಆದರೆ ಪಕ್ಕದಲ್ಲಿ ಒಂದು ಪುಟ್ಟ ಲಿವರ್ ತಿರುಗಿತು ಅಂದರೆ ಅದು ಬೇರೆ ಜಾತಿ. ಹಳೆಯ ಸೋಲೆಕ್ಸ್ ಕಂಪನಿಯ ಕಾರ್ಬೊರೇಟರ್‌ಗಳಲ್ಲಿ ಹಲವು ಹೀಗೇ ಇವೆ. ಅಲ್ಲಿ ಸ್ಟಾರ್ಟಿಂಗಿಗೆಂದೇ ಬೇರೆ ಸಣ್ಣ ದಾರಿ ಇದೆ, ಅದಕ್ಕೆ ಅದರದ್ದೇ ಜೆಟ್ ಇದೆ. ಲಿವರ್ ತಿರುಗಿದಾಗ ಒಳಗಿನ ತೂತುಗಳಿರುವ ಬಿಲ್ಲೆಯೊಂದು ತಿರುಗಿ ಆ ದಾರಿ ತೆರೆಯುತ್ತದೆ. ಅದರ ಬಾಯಿ ಇರುವುದು ಆಕ್ಸಿಲರೇಟರ್ ತುಳಿದಾಗ ತೆರೆಯುವ ಥ್ರಾಟಲ್ ರೆಕ್ಕೆಯ ಕೆಳಗೆ, ಎಂಜಿನ್ ಕಡೆಗೆ. ಥ್ರಾಟಲ್ ಮುಚ್ಚಿದ್ದರೆ ಮಾತ್ರ ಅಲ್ಲಿ ಎಳೆತ ಜೋರಾಗಿರುತ್ತದೆ. ಸೆಲ್ಫ್ ಹೊಡೆಯುವಾಗ ನೀವು ಆಕ್ಸಿಲರೇಟರ್ ತುಳಿದರೆ ಥ್ರಾಟಲ್ ತೆರೆಯುತ್ತದೆ, ಎಳೆತ ಬೀಳುತ್ತದೆ, ಸ್ಟಾರ್ಟಿಂಗ್ ದಾರಿಯಿಂದ ಪೆಟ್ರೋಲ್ ಬರುವುದೇ ಇಲ್ಲ. ಕಾಲು ಆಚೆ ಇಟ್ಟುಕೊಂಡು ಬರೀ ಚೋಕ್ ಎಳೆದು ಸೆಲ್ಫ್ ಹೊಡೆದರೆ ಅದೇ ಗಾಡಿ ಥಟ್ಟನೆ ಎದ್ದೇಳುತ್ತದೆ. "ಈ ಗಾಡಿ ಅವರ ಕೈಗೆ ಮಾತ್ರ ಸ್ಟಾರ್ಟ್ ಆಗುತ್ತೆ" ಅನ್ನುವ ಮನೆಗಳಲ್ಲಿ ಎಷ್ಟೋ ಸಲ ಗುಟ್ಟು ಇಷ್ಟೇ. ಅವರು ಪೆಡಲ್ ಮುಟ್ಟುವುದಿಲ್ಲ.

ಮೂರನೆಯದು ಎಸ್‌ಯು. ಮೇಲೆ ಗಂಟೆಯಾಕಾರದ ಡಬ್ಬಿ ಇರುವ ಕಾರ್ಬೊರೇಟರ್, ಹಲವು ಅಂಬಾಸಿಡರ್‌ಗಳಲ್ಲಿ ಇರುವುದು ಇದೇ. ಇದರಲ್ಲಿ ಚೋಕ್ ಎಳೆದರೆ ಕೆಳಗಿನ ಜೆಟ್ ಇಡೀ ಕೆಳಕ್ಕೆ ಜಾರುತ್ತದೆ. ಜೆಟ್ಟಿನೊಳಗೆ ಇಳಿದಿರುವ ಸೂಜಿಗೂ ಜೆಟ್ಟಿಗೂ ನಡುವಿನ ಸಂದು ದೊಡ್ಡದಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಇದರಲ್ಲಿ ಆಕ್ಸಿಲರೇಟರ್ ಪಂಪ್ ಇಲ್ಲವೇ ಇಲ್ಲ. ಸ್ಟಾರ್ಟ್ ಮಾಡುವ ಮುಂಚೆ ಎಷ್ಟು ತುಳಿದರೂ ಕಾಲು ನೋವಷ್ಟೇ, ಪೆಟ್ರೋಲ್ ಬರುವುದಿಲ್ಲ. ಸ್ಟಾರ್ಟ್ ಆಗಿ ಹೊರಟ ಮೇಲೆ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಕೆಮ್ಮಿದರೆ ಗಂಟೆಯ ಮೇಲಿನ ಮುಚ್ಚಳ ತಿರುಗಿಸಿ ಒಳಗೆ ಆಯಿಲ್ ಇದೆಯಾ ನೋಡಿ. ಅದು ಒಣಗಿದ್ದರೆ ಒಳಗಿನ ಪಿಸ್ಟನ್ ಸರ್ರನೆ ಮೇಲೇಳುತ್ತದೆ, ಗಾಳಿ ಮುಂಚೆ ಹೋಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ.

ಯಾವ ಜಾತಿಯಾದರೂ ಕೇಬಲ್ ಒಂದು ಸಲ ನೋಡಲೇಬೇಕು. ಇದನ್ನು ಒತ್ತಿ ಹೇಳುತ್ತೇನೆ. ಗುಬುಟು ಪೂರ್ತಿ ಹೊರಗೆ ಬಂದಿರುತ್ತದೆ, ಕೂತವರಿಗೆ ಚೋಕ್ ಪೂರ್ತಿ ಎಳೆದ ಭಾವನೆ. ಆದರೆ ಕಾರ್ಬೊರೇಟರ್ ಹತ್ತಿರ ಕೇಬಲ್ಲಿನ ಹೊರಕವಚ ಹಿಡಿಯುವ ಕ್ಲಿಪ್ ಸಡಿಲಾಗಿರುತ್ತದೆ. ಎಳೆದಾಗ ಕವಚವೇ ಜರುಗುತ್ತದೆ, ಲಿವರ್ ಅರ್ಧಕ್ಕೇ ನಿಲ್ಲುತ್ತದೆ. ರೆಕ್ಕೆ ಚೋಕಿನಲ್ಲಿ ಅಂಚಿನ ಸುತ್ತ ಬೆರಳು ತೂರುವಷ್ಟು ಸಂದು ಉಳಿದಿದ್ದರೆ ಅದು ಮುಚ್ಚಿದ ಲೆಕ್ಕವಲ್ಲ. ಕವಚವನ್ನು ಸರಿಯಾದ ಜಾಗಕ್ಕೆ ತಂದು ಕ್ಲಿಪ್ ಬಿಗಿ ಮಾಡಿ, ಒಳಗಿನ ತಂತಿಗೆ ಎರಡು ತೊಟ್ಟು ಆಯಿಲ್ ಬಿಡಿ. ಗುಬುಟು ಒಳಗೆ ತಳ್ಳಿದಾಗ ಲಿವರ್ ಪೂರ್ತಿ ವಾಪಸ್ ಹೋಗುತ್ತದಾ ಎಂದೂ ನೋಡಿ. ಹೋಗದಿದ್ದರೆ ದಿನವಿಡೀ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿಯುತ್ತದೆ, ಎಂಜಿನ್ ಸವೆಯುತ್ತದೆ.

ಅದೇ ಕಾರಣಕ್ಕೆ, ಗಾಡಿ ಎದ್ದ ಮೇಲೂ ಚೋಕ್ ಪೂರ್ತಿ ಎಳೆದೇ ಬಿಡಬಾರದು. ಎಂಜಿನ್ ಹಿಡಿದುಕೊಂಡ ಅರ್ಧ ನಿಮಿಷದಲ್ಲಿ ಅರ್ಧ ಒಳಗೆ ತಳ್ಳಿ. ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಓಡಿಸಿ ಪೂರ್ತಿ ತಳ್ಳಿ. ನಿಲ್ಲಿಸಿಕೊಂಡು ಬಿಸಿ ಮಾಡುವುದಕ್ಕಿಂತ ಮೆಲ್ಲಗೆ ಓಡಿಸಿ ಬಿಸಿ ಮಾಡುವುದು ಎಂಜಿನ್ನಿಗೆ ಒಳ್ಳೆಯದು.

ಪದ್ಮಿನಿಯ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಈ ದೇಶದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಹಾಕಿ ಓಡಾಡಿದವರು. ಆ ಪ್ರಯತ್ನದಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಅಲ್ಲಿಂದ ಫಿಯಟ್ 1100 ಬಂತು. 1974ರಿಂದ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. 1089 ಸಿಸಿಯ ಆ ಪುಟ್ಟ ಎಂಜಿನ್ ಇವತ್ತಿಗೂ ನಮ್ಮ ಜಿಲ್ಲೆಯಲ್ಲಿ ಓಡುತ್ತಿದ್ದರೆ ನನಗೆ ನಿಜಕ್ಕೂ ಹೆಮ್ಮೆ. ಒಂದು ಸಡಿಲಾದ ಕ್ಲಿಪ್ಪಿನಿಂದಾಗಿ "ಇದು ಆಗಲ್ಲ, ಗುಜರಿಗೆ ಹಾಕಿ" ಅನ್ನಿಸಿಕೊಳ್ಳುವ ಗಾಡಿ ಅದಲ್ಲ.

ಪೆಟ್ರೋಲ್ ಇದೆಯಾ, ಕಿಡಿ ಇದೆಯಾ

ಚೋಕ್ ಸರಿಯಿದೆ, ಆದರೂ ಎದ್ದೇಳುತ್ತಿಲ್ಲ. ಆಗ ಕೇಳಬೇಕಾದದ್ದು ಗಾಡಿ ಎಷ್ಟು ದಿನದಿಂದ ನಿಂತಿದೆ ಎಂದು.

ಹಳೆ ಕಾರುಗಳು ಈಗ ದಿನಾ ಓಡುವುದಿಲ್ಲ. ಭಾನುವಾರ ನಂದಿ ಬೆಟ್ಟಕ್ಕೋ, ಮದುವೆಗೋ ಹೊರಗೆ ಬರುತ್ತವೆ. ವಾರಗಟ್ಟಲೆ ನಿಂತರೆ ಕಾರ್ಬೊರೇಟರಿನ ಫ್ಲೋಟ್ ಬಟ್ಟಲಲ್ಲಿದ್ದ ಪೆಟ್ರೋಲ್ ಮೆಲ್ಲಗೆ ಆರಿಹೋಗುತ್ತದೆ. ಮೊದಲು ಹೋಗುವುದು ಹಗುರವಾದ ಭಾಗ. ಸ್ಟಾರ್ಟಿಂಗಿಗೆ ಬೇಕಾದದ್ದೇ ಅದು. ಬಟ್ಟಲು ಖಾಲಿಯಾದರೆ ಟ್ಯಾಂಕಿನಿಂದ ಮತ್ತೆ ತುಂಬಿಸುವ ಕೆಲಸ ಎಂಜಿನ್ನಿನ ಪಕ್ಕದಲ್ಲಿರುವ ಪೆಟ್ರೋಲ್ ಪಂಪಿನದು, ಮೆಕ್ಯಾನಿಕ್‌ಗಳು ಎಸಿ ಪಂಪ್ ಅನ್ನುತ್ತಾರಲ್ಲ, ಅದು. ಎಂಜಿನ್ ತಿರುಗಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಅಂದರೆ ಅಷ್ಟು ಹೊತ್ತೂ ಬ್ಯಾಟರಿ ಖರ್ಚು.

ಈ ಪಂಪಿನ ಅಡಿಯಲ್ಲಿ ಒಂದು ಸಣ್ಣ ಕೈ ಲಿವರ್ ಇರುತ್ತದೆ, ಬಹಳ ಜನ ಅದನ್ನು ನೋಡಿಯೇ ಇರುವುದಿಲ್ಲ. ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಮೊದಲು ಬಿಗಿಯಾಗಿ ಎಳೆತ ಸಿಗುತ್ತದೆ, ಒಳಗೆ ಪೆಟ್ರೋಲ್ ಹರಿಯುವುದು ಕೈಗೆ ಗೊತ್ತಾಗುತ್ತದೆ. ಬಟ್ಟಲು ತುಂಬಿದಾಗ ಲಿವರ್ ಸಡಿಲವಾಗುತ್ತದೆ. ಮೊದಲಿನಿಂದಲೇ ಸಡಿಲವಾಗಿದ್ದು ಪೆಟ್ರೋಲ್ ಬರುತ್ತಿಲ್ಲ ಅಂದರೆ ಪಂಪ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಪಂಪನ್ನು ಆಡಿಸುವ ಎಂಜಿನ್ನಿನ ಕ್ಯಾಮ್ ಆ ಹೊತ್ತಿಗೆ ಪಂಪಿನ ತೋಳನ್ನು ಎತ್ತಿ ಹಿಡಿದಿರಬಹುದು. ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರ್ ಹಾಕಿ ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ನ್ಯೂಟ್ರಲ್‌ಗೆ ತಂದು ಮತ್ತೆ ಆಡಿಸಿ. ಆಗಲೂ ಬರದಿದ್ದರೆ ಪಂಪಿನೊಳಗಿನ ರಬ್ಬರ್ ಪೊರೆ (ಡಯಾಫ್ರಮ್) ಹರಿದಿದೆ, ಇಲ್ಲವೇ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಪಂಪ್ ಕಿಟ್, ಕಾರ್ಬೊರೇಟರ್ ಕಿಟ್ ಬೇಕಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ನಿಮ್ಮ ಹಳೆ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗುವುದು ಒಳ್ಳೆಯದು.

ಇನ್ನು ಕಿಡಿ. ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್ ಮೋಟಾರಿಗೆ ಕೆಲಸ ಜಾಸ್ತಿ. ಮೋಟಾರು ಕರೆಂಟನ್ನೆಲ್ಲ ಎಳೆದುಕೊಂಡರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲಿಗೆ ಸಿಗುವುದು ಕಮ್ಮಿ. ನಿಂತಿರುವಾಗ 12.6 ವೋಲ್ಟ್ ತೋರಿಸುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಅನುಮಾನ ಪಡಬೇಕು. ಬ್ಯಾಟರಿ ಹೊಸದಾಗಿದ್ದರೂ ಟರ್ಮಿನಲ್ಲಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ, ಬಾಡಿಗೆ ಕೊಟ್ಟ ಅರ್ತ್ ಪಟ್ಟಿ ತುಕ್ಕು ಹಿಡಿದಿದ್ದರೆ ಇದೇ ಕಥೆ. ಬಿಸಿನೀರು ಹಾಕಿ ಉಜ್ಜಿ, ಒರೆಸಿ, ಬಿಗಿ ಮಾಡಿ.

ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಸುಟ್ಟಿದ್ದರೆ ಉಜ್ಜುವ ಬದಲು ಹೊಸದು ಹಾಕಿ. ಗ್ಯಾಪ್ 0.4 ಮಿಲಿಮೀಟರ್ ಆಸುಪಾಸು ಇರುತ್ತದೆ, ನಿಖರ ಅಂಕಿ ನಿಮ್ಮ ಡಿಸ್ಟ್ರಿಬ್ಯೂಟರ್ ಮೇಲೆ ಹೋಗುತ್ತದೆ. ಮಂಜು ಬಿದ್ದ ಬೆಳಗ್ಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೂ ತೇವ ಕೂರುತ್ತದೆ. ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಎಳೆ ಕಂಡರೆ ಕರೆಂಟ್ ಆ ದಾರಿಯಲ್ಲಿ ಸೋರುತ್ತಿದೆ, ಕ್ಯಾಪ್ ಬದಲಿಸಲೇಬೇಕು. ಪ್ಲಗ್ ವಯರ್ ಹಳೆಯದಾಗಿದ್ದರೆ ಇನ್ನೂ ಕತ್ತಲಿರುವಾಗಲೇ ಬಾನೆಟ್ ತೆಗೆದಿಟ್ಟು ಸೆಲ್ಫ್ ಹೊಡೆಸಿ ದೂರದಿಂದ ನೋಡಿ. ವಯರಿನ ಮೈಮೇಲೆ ನೀಲಿ ಎಳೆಗಳು ಮಿಣಮಿಣ ಓಡುವುದು ಕಣ್ಣಿಗೇ ಕಾಣುತ್ತದೆ.

ಪೆಟ್ರೋಲಿನದೋ ಕಿಡಿಯದೋ ಗೊತ್ತಾಗದಿದ್ದರೆ ಪ್ಲಗ್ಗನ್ನೇ ಕೇಳಿ. ಚೋಕ್ ಎಳೆದು ಒಂದಷ್ಟು ಸೆಲ್ಫ್ ಹೊಡೆದ ಮೇಲೆ ಒಂದು ಪ್ಲಗ್ ಬಿಚ್ಚಿ. ತುದಿ ಪೂರ್ತಿ ಒಣಗಿದ್ದರೆ ಪೆಟ್ರೋಲ್ ಮುಟ್ಟಿಲ್ಲ, ಚೋಕ್ ಮತ್ತು ಪಂಪಿನ ಕಡೆ ಹೋಗಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿ ಬಂದಿಲ್ಲ, ಇಲ್ಲವೇ ಪೆಟ್ರೋಲ್ ಜಾಸ್ತಿಯಾಗಿ ಓವರ್‌ಫ್ಲೋ ಆಗಿದೆ. ಕಪ್ಪು ಮಸಿ ಹಿಡಿದಿದ್ದರೆ ಗಾಡಿ ಬಹಳ ದಿನದಿಂದ ಜಾಸ್ತಿ ಪೆಟ್ರೋಲ್ ಕುಡಿಯುತ್ತಿದೆ. ಕಿಡಿ ನೋಡಬೇಕಾದರೆ ಪ್ಲಗ್ಗಿನ ಮೈಯನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿಟ್ಟು, ಕಾರ್ಬೊರೇಟರ್‌ನಿಂದ ದೂರದಲ್ಲಿ ನೋಡಿ. ನೀಲಿಯಾಗಿ ಚಟ್ ಎಂದು ಹಾರಿದರೆ ಸರಿ. ಹಳದಿಯಾಗಿ ಸಣ್ಣಗಿದ್ದರೆ ಕಂಡೆನ್ಸರ್, ಕಾಯಿಲ್ ಕಡೆ ನೋಡಿ. ಸುತ್ತ ಪೆಟ್ರೋಲ್ ಚೆಲ್ಲಿದ್ದರೆ ಈ ಪರೀಕ್ಷೆ ಮಾಡಲೇಬೇಡಿ.

ಓವರ್‌ಫ್ಲೋ ಆಗಿದ್ದರೆ ಚೋಕ್ ಪೂರ್ತಿ ಒಳಗೆ ತಳ್ಳಿ ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಮಧ್ಯೆ ಬಿಟ್ಟು ಬಿಟ್ಟು ತುಳಿಯಬಾರದು, ಪ್ರತಿ ಸಲಕ್ಕೂ ಪಂಪ್ ಮತ್ತಷ್ಟು ಪೆಟ್ರೋಲ್ ಸುರಿಯುತ್ತದೆ. ಚೋಕ್ ಮುಟ್ಟದಿದ್ದರೂ ದಿನಾ ಓವರ್‌ಫ್ಲೋ ಆಗುತ್ತಿದ್ದರೆ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟಿನ ಸೂಜಿ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಕಿಡಿ, ಪೆಟ್ರೋಲ್ ಎರಡೂ ಇದ್ದು ಚೋಕ್ ತಳ್ಳಿದ ಕೂಡಲೇ ಆಫ್ ಆಗುತ್ತಿದೆಯೇ? ಎಲ್ಲೋ ಕಳ್ಳ ಗಾಳಿ ಒಳಗೆ ಹೋಗುತ್ತಿದೆ. ಕಾರ್ಬೊರೇಟರ್ ಅಡಿಯ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಸವೆದ ಥ್ರಾಟಲ್ ಶಾಫ್ಟ್, ಬಿರುಕು ಬಿಟ್ಟ ರಬ್ಬರ್ ಪೈಪು, ಇವೇ ಅದರ ದಾರಿಗಳು. ಎಂಜಿನ್ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ಬರೀ ನೀರನ್ನು ಜಾಯಿಂಟ್‌ಗಳ ಸುತ್ತ ಚಿಮುಕಿಸಿ. ಡಿಸ್ಟ್ರಿಬ್ಯೂಟರ್ ಕಡೆ ಬೀಳದಿರಲಿ. ಎಲ್ಲಿ ಚಿಮುಕಿಸಿದಾಗ ಎಂಜಿನ್ ಸದ್ದು ಬದಲಾಗುತ್ತದೋ ಸೋರಿಕೆ ಅಲ್ಲೇ.

ಸ್ಕ್ರೂ, ಎತ್ತರ ಮತ್ತು ಈಗಿನ ಪೆಟ್ರೋಲ್

ಆಕ್ಸಿಲರೇಟರ್ ತುಳಿಯದೆ ಎಂಜಿನ್ ಓಡುವಾಗ ಪೆಟ್ರೋಲ್ ಕೊಡುವ ಐಡ್ಲಿಂಗ್ ಜೆಟ್ಟಿನ ತೂತು ಕೂದಲಿನಷ್ಟೇ ಸಣ್ಣದು. ಹಳೆ ಪೆಟ್ರೋಲಿನ ಅಂಟು ಅಲ್ಲಿ ಕೂತರೆ ಬಿಚ್ಚಿ ಕ್ಲೀನರ್ ಹಾಕಿ ಗಾಳಿ ಹೊಡೆಸಿ. ತಂತಿ ತೂರಿಸಬೇಡಿ. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾಗಿಬಿಡುತ್ತದೆ. ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ಹೊಂದಿಸುವುದು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮಾತ್ರ. ತಣ್ಣಗಿರುವಾಗ ಹೊಂದಿಸಿದರೆ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತಪ್ಪುತ್ತದೆ, ಮತ್ತೆ ತಿರುಗಿಸುತ್ತೀರಿ, ಮರುದಿನ ಬೆಳಗ್ಗೆ ಮತ್ತೆ ಎದ್ದೇಳುವುದಿಲ್ಲ.

ಈಗಿನ ಪೆಟ್ರೋಲಿನ ಮಾತು ಬೇರೆಯೇ ಇದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 20 ಮುಟ್ಟಿತು. ಎಥನಾಲ್ ಕುದಿಯುವುದು 78 ಡಿಗ್ರಿಗೆ, ಅದರಲ್ಲಿ ಬೇಗ ಹಾರುವ ಹಗುರವಾದ ಭಾಗ ಎಂಬುದಿಲ್ಲ. ಅದು ಆವಿಯಾಗಲು ಅಷ್ಟೇ ತೂಕದ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಎಳೆದುಕೊಳ್ಳುತ್ತದೆ, ತಣ್ಣಗಿನ ಮ್ಯಾನಿಫೋಲ್ಡ್ ಇನ್ನೂ ತಣ್ಣಗಾಗುತ್ತದೆ. ಜೊತೆಗೆ ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಬೇಕಾದ ಗಾಳಿಯ ಪಾಲು 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಜೆಟ್ ಹಳೆಯದೇ ಇದ್ದರೆ ಮಿಶ್ರಣ ಏಳೆಂಟು ಶೇಕಡಾ ತೆಳುವಾದಂತೆ. ಮುಂಚೆ ಅರ್ಧ ಚೋಕಿಗೆ ಏಳುತ್ತಿದ್ದ ಗಾಡಿ ಈಗ ಪೂರ್ತಿ ಚೋಕ್ ಕೇಳುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ದೊಡ್ಡ ಜೆಟ್ ಹಾಕಿಸಿ ಎನ್ನುವವರಿದ್ದಾರೆ. ನಮ್ಮ ಕಡೆಗೆ ಅಷ್ಟು ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ಇಲ್ಲಿ ಎಂಟೊಂಬತ್ತು ಶೇಕಡಾ ತೆಳು. ಗಾಳಿ ತೆಳುವಾದಷ್ಟೂ ಕಾರ್ಬೊರೇಟರ್ ಕೊಡುವ ಮಿಶ್ರಣ ಗಾಢವಾಗುತ್ತದೆ, ಈ ಎತ್ತರದಲ್ಲಿ ನಾಲ್ಕೈದು ಶೇಕಡಾ. ಎಥನಾಲ್ ಕಳೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಎತ್ತರವೇ ವಾಪಸ್ ಕೊಟ್ಟಿದೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲಂತೂ ಹೆಚ್ಚುಕಡಿಮೆ ಪೂರ್ತಿ ಸರಿಹೋಗುತ್ತದೆ. ಅದೇ ಗಾಡಿ ಮಂಗಳೂರಿನಲ್ಲಿದ್ದರೆ ಜೆಟ್ ಬಗ್ಗೆ ಯೋಚಿಸುವುದು ಸರಿ.

ಎಥನಾಲ್‌ನಿಂದ ನಮಗೆ ನಿಜವಾಗಿ ಕಾಡುವ ತೊಂದರೆ ರಬ್ಬರಿನದು, ನೀರಿನದು. ಹಳೆ ರಬ್ಬರ್ ಪೈಪು, ಪಂಪ್ ಡಯಾಫ್ರಮ್ ಉಬ್ಬುತ್ತವೆ, ಆಮೇಲೆ ಬಿರುಕು ಬಿಡುತ್ತವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಮತ್ತು ನೀರು ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪೈಪು ಎಳೆಯುವುದೂ ತಳದಿಂದಲೇ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಓಡಿಸುವ ವಾರವೇ ಹೊಸ ಪೆಟ್ರೋಲ್ ಹಾಕಿಸಿ. ಪೈಪುಗಳನ್ನು ಎಥನಾಲ್ ತಡೆಯುವ ಹೊಸ ಬಗೆಯದಕ್ಕೆ ಬದಲಿಸಿಬಿಡಿ, ಟ್ಯಾಂಕಿನ ಹತ್ತಿರದ ಕಣ್ಣಿಗೆ ಕಾಣದ ತುಂಡನ್ನೂ ಮರೆಯಬೇಡಿ. ಬದಲಿಸಿದ ಮೇಲೆ ಎಂಜಿನ್ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಪ್ರತಿ ಜಾಯಿಂಟನ್ನೂ ಒಣ ಬಟ್ಟೆಯಿಂದ ಒರೆಸಿ ಮೂಸಿ ನೋಡಿ. ವಾಸನೆ ಬಂದ ಕಡೆ ಕ್ಲಿಪ್ ಇನ್ನೊಂದು ಸುತ್ತು ಬಿಗಿ ಮಾಡಿ.